ಮುದ್ದೆ, ಬಸ್ಸಾರು ಮತ್ತು ಶರ್ಕರಪಿಷ್ಟ

ಪ್ರಶ್ನೆ: ಮಂಡ್ಯದ ಕಾಲೇಜು ಕ್ಯಾಂಟೀನಿನಲ್ಲಿ ಉಣ್ಣುವ ಸಸ್ಯಾಹಾರಿಗಳು ಅನ್ನ ಬಿಟ್ಟು ಮುದ್ದೆ ಉಂಡರೆ ಶರ್ಕರಪಿಷ್ಟ ಕಡಿಮೆಯಾಗುತ್ತದೆಯೇ?

ಉತ್ತರ: ಅಕ್ಕಿಗಿಂತ ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚೆಂಬುದು ನಿಜವಾದರೂ, 100 ಗ್ರಾಂ ರಾಗಿಯಲ್ಲಿ 65ರಿಂದ 72 ಗ್ರಾಂನಷ್ಟು ಶರ್ಕರಪಿಷ್ಟ, ಅಂದರೆ ಜೀರ್ಣವಾದಾಗ ಸಕ್ಕರೆಯಾಗುವ ಅಂಶ, ಇರುವುದರಿಂದ ಮುದ್ದೆಯ ಗಾತ್ರ ಕುಗ್ಗದ ಹೊರತು ಪ್ರಯೋಜನವಿಲ್ಲ. ರವೆ, ಮೈದಾ, ಅಕ್ಕಿಹಿಟ್ಟು ಬೆರೆತ ಮದ್ದೂರು ವಡೆಯ ಮಾತಂತೂ ಬೇಡ. ಈ ಸೀಮೆಯ ನಿಜವಾದ ಅನುಕೂಲವಿರುವುದು ಬಸ್ಸಾರಿನಲ್ಲಿ: ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿ ಸಾರು ಮಾಡಿ, ಉಳಿದುದಕ್ಕೆ ಒಗ್ಗರಣೆ ಕೊಟ್ಟು ಪಲ್ಯ ಮಾಡುವ ಈ ಅಡುಗೆಯಲ್ಲಿ ಪ್ರೋಟೀನಿನ ಬಹುಪಾಲು ಪಲ್ಯದಲ್ಲೇ ಉಳಿಯುವುದರಿಂದ, ಮಳವಳ್ಳಿಯ ಹಾಸ್ಟೆಲಿನಲ್ಲಾದರೂ ಸರಿ, ಪಲ್ಯವನ್ನು ಕೇಳಿ ಹೆಚ್ಚು ಹಾಕಿಸಿಕೊಂಡು, ಅರ್ಧ ಮುದ್ದೆ, ಗಟ್ಟಿ ಮೊಸರು, ಹುರಿದ ಕಡಲೆಕಾಯಿ ಸೇರಿಸಿಕೊಳ್ಳುವುದು ಮೇಲು. ಹುರುಳಿ, ಅವರೆಗಳಲ್ಲೂ ಪಿಷ್ಟವುಂಟಾದರೂ ಅದು ನಿಧಾನವಾಗಿ ಜೀರ್ಣವಾಗುತ್ತದೆ.