ಕೋಟೆಯಾಚೆಯ ಊರು: ಅಲ್ ಜುಬಾರಾ



ದೋಹಾದಿಂದ ವಾಯವ್ಯ ದಿಕ್ಕಿಗೆ ನೂರು ಕಿಲೋಮೀಟರುಗಳಷ್ಟು ಸಾಗಿದರೆ ಅಲ್ ಜುಬಾರಾದ ಕೋಟೆ ಎದುರಾಗುತ್ತದೆ. ಅದರ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಂಡು, ಬುತ್ತಿ ಬಿಚ್ಚಿ ಉಂಡು ಹಿಂತಿರುಗುವುದು ನಮ್ಮ ಕುಟುಂಬಗಳ ವಾಡಿಕೆ. ಮೊದಲ ಸಲ ನಾವು ಮಾಡಿದ್ದೂ ಅಷ್ಟೇ. ಆದರೆ ಆ ಕೋಟೆಯನ್ನು ಕಟ್ಟಿದ್ದು 1938ರಲ್ಲಿ. ನಮ್ಮಲ್ಲಿ ಅನೇಕರ ಅಜ್ಜಂದಿರಿಗಿಂತ ಅದು ಕಿರಿಯದು. ನೋಡಬೇಕಾದ ಊರು ಅಲ್ಲಿಂದ ಮುಂದೆ, ಕಡಲಂಚಿನಲ್ಲಿ, ಮರಳಿನ ದಿಬ್ಬಗಳಾಗಿ ಮಲಗಿದೆ.

ಹಂಪೆಯನ್ನು ಕಂಡ ಕಣ್ಣಿಗೆ ಇಲ್ಲಿ ಏನೂ ಇಲ್ಲವೆನಿಸುವುದು ಸಹಜ. ಹಂಪೆಯದು ಕಗ್ಗಲ್ಲು, ಇಲ್ಲಿಯದು ಸುಣ್ಣಕಲ್ಲು, ಹವಳದ ಕಲ್ಲು, ಮಣ್ಣಿನ ಗಾರೆ. ಗಿಲಾವು ಉದುರಿದರೆ ಗೋಡೆಯೂ ಕರಗುತ್ತದೆ. ಮುಚ್ಚಿದ ಮರಳೇ ಉಳಿದುದನ್ನು ಕಾಪಾಡಿದೆ. ಸುಮಾರು 60 ಹೆಕ್ಟೇರಿನ ಈ ನೆಲೆಯಲ್ಲಿ ಅಗೆದಿರುವುದು ಅಲ್ಪ ಭಾಗ ಮಾತ್ರ. 2013ರಲ್ಲಿ ಇದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

18ನೆಯ ಶತಮಾನದ ನಡುಭಾಗದಲ್ಲಿ ಕುವೈತಿನಿಂದ ಬಂದ ವರ್ತಕರು ಇದನ್ನು ಬೆಳೆಸಿದರು. ಮುತ್ತು ಇದರ ಬಾಳು. ಸಿಹಿನೀರಿನ ಬಾವಿಗಳಿದ್ದುದು ಊರ ಹೊರಗೆ, ಒಳನಾಡಿನ ಮುರೈರ್ ಕೋಟೆಯ ಬಳಿ. ಗೋಡೆ, ಬುರುಜುಗಳ ಹಿಂದಿದ್ದ ಶ್ರೀಮಂತ ನಗರವು ಕುಡಿಯುವ ನೀರಿಗೆ ಹೊರಗೇ ಕೈಚಾಚಬೇಕಾಗಿತ್ತು! 1811ರಲ್ಲಿ ಮಸ್ಕತ್ತಿನವರ ದಾಳಿಗೆ ಊರು ಸುಟ್ಟುಹೋಯಿತು. ಬಳಿಕ ಒಂದು ಭಾಗದಲ್ಲಿ ಜನ ಮತ್ತೆ ನೆಲೆಸಿದರೂ 20ನೆಯ ಶತಮಾನದ ಆರಂಭದ ವೇಳೆಗೆ ಅದೂ ಬರಿದಾಯಿತು. ಅದೇ ಮಸ್ಕತ್ತಿನಲ್ಲಿ ಟಿಪ್ಪು ಸುಲ್ತಾನನ ವ್ಯಾಪಾರದ ಕೋಠಿ ಇತ್ತು, ಮಂಗಳೂರಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು ಎಂಬುದನ್ನು ನೆನೆದರೆ ಈ ಕಡಲು ನಮ್ಮವರಿಗೆ ಹೊಸತಲ್ಲ.

ಮಕ್ಕಳಿಗೆ ತೋರಿಸಬೇಕಾದುದು ಮನೆಗಳೊಳಗಿನ 'ಮದ್ಬಸಾ'. ಗಾರೆ ನೆಲದ ಮೇಲೆ ಸಾಲು ಸಾಲು ದಿಂಡು, ನಡುವೆ ಕಾಲುವೆ. ಅದರ ಮೇಲೆ ಖರ್ಜೂರದ ಮೂಟೆಗಳನ್ನು ಪೇರಿಸಿದರೆ ತಮ್ಮ ಭಾರಕ್ಕೂ ಸೆಕೆಗೂ ರಸವೊಸರಿ, ಕಾಲುವೆಗುಂಟ ಹರಿದು, ಮೂಲೆಯಲ್ಲಿ ಹೂತಿಟ್ಟ ಮಡಕೆಗೆ ತುಂಬುತ್ತಿತ್ತು. ಗಾಣವಿಲ್ಲ, ಬೆಂಕಿಯಿಲ್ಲ. ನಮ್ಮ ಜೋನಿಬೆಲ್ಲದ ದೂರದ ನೆಂಟನೆನ್ನೋಣ. ಇನ್ನೊಂದು ಮನೆಯ ಗಿಲಾವಿನ ಮೇಲೆ ಯಾರೋ ಹಾಯಿಹಡಗೊಂದನ್ನು ಗೀರಿದ್ದುದನ್ನು ಉತ್ಖನನಕಾರರು ಕಂಡರು, ಗೀರಿದವನ ಹೆಸರಿಲ್ಲ.

ಆದುದರಿಂದ ಒಂದು ವಿನಂತಿ. ಚಳಿಗಾಲದ ಬೆಳಗಿನಲ್ಲಿ ಹೋಗಿ, ಮೊದಲು ದಿಬ್ಬಗಳತ್ತ ನಡೆಯಿರಿ, ಕೋಟೆ ಆಮೇಲಾಗಲಿ. ಗೋಡೆಗಳ ಮೇಲೆ ಮಕ್ಕಳನ್ನು ಹತ್ತಗೊಡಬೇಡಿ. ಕಾಲಿಗೆ ತಾಗುವ ಮಡಕೆಯ ಚೂರನ್ನು ನೆನಪಿಗೆಂದು ಜೇಬಿಗಿಳಿಸುವುದೂ ಬೇಡ: ಅದು ಬಿದ್ದ ಜಾಗದಲ್ಲೇ ಇದ್ದರೆ ಮಾತ್ರ ಅಗೆಯುವವರಿಗೆ ಆ ಮನೆಯ ಕತೆ ಹೇಳಬಲ್ಲದು, ನಮ್ಮ ಮನೆಯ ಷೋಕೇಸಿನಲ್ಲಿ ಅದು ಬರಿಯ ಓಡು.