ವಾಹನದ ಬ್ಯಾಟರಿ: ಅವಸಾನದ ಮುನ್ಸೂಚನೆಗಳು

ವ್ಯಾಧಿಯು ದೇಹವನ್ನು ಕೆಡವುವ ಮುನ್ನ ಕೆಲವು ಲಕ್ಷಣಗಳನ್ನು ತೋರುವುದು ಸರ್ವವಿದಿತ. ಯಂತ್ರಗಳ ವಿಷಯವೂ ಇದಕ್ಕೆ ಹೊರತಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯಲ್ಲಿ ಒಂಟಿಮನೆಗಳೇ ಹೆಚ್ಚು. ನಡುರಾತ್ರಿಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕಾದಾಗ ತೋಟದ ಜೀಪೋ ಕಾರೋ ಆಧಾರ. ಆ ವಾಹನಕ್ಕೆ ಬ್ಯಾಟರಿಯೇ ಆಧಾರ.

1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ರೂಪಿಸಿದ ಸೀಸ-ಆಮ್ಲ ಬ್ಯಾಟರಿಯ ತತ್ತ್ವವೇ ಇಂದಿಗೂ ಬಹುತೇಕ ಕಾರುಗಳಲ್ಲಿ ಬಳಕೆಯಲ್ಲಿದೆ. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಆರು ಕೋಶಗಳಿದ್ದು, ದುರ್ಬಲ ಗಂಧಕಾಮ್ಲದಲ್ಲಿ ಸೀಸದ ಫಲಕಗಳು ಮುಳುಗಿರುತ್ತವೆ. ವಿದ್ಯುತ್ತು ವ್ಯಯವಾದಂತೆ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ. ಮರಳಿ ವಿದ್ಯುತ್ತನ್ನು ತುಂಬಿದಾಗ ಕರಗುತ್ತದೆ. ಬಹುಕಾಲ ತುಂಬದೆ ಬಿಟ್ಟರೆ ಅದು ಗಟ್ಟಿ ಹರಳಾಗಿ ಬ್ಯಾಟರಿಯ ಶಕ್ತಿಯನ್ನೇ ನುಂಗುತ್ತದೆ.

ಮಲೆನಾಡಿನ ಮಳೆಗಾಲ ಇದಕ್ಕೆ ಹೇಳಿಮಾಡಿಸಿದ ಕಾಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ವಾಹನವು ದಿನಗಟ್ಟಲೆ ಕೊಟ್ಟಿಗೆಯಲ್ಲಿ ನಿಲ್ಲುತ್ತದೆ; ಹೊರಟರೂ ದೀಪ, ವೈಪರುಗಳೊಡನೆ ಪೇಟೆಯವರೆಗಿನ ಕಿರುಪಯಣ. ವ್ಯಯವಾದಷ್ಟು ವಿದ್ಯುತ್ತು ಮರಳಿ ತುಂಬದು. ಡಿಸೆಂಬರಿನ ಕೊಯ್ಲಿನ ಬೆಳಗುಗಳಲ್ಲಿ ಚಳಿಯು ರಾಸಾಯನಿಕ ಕ್ರಿಯೆಯನ್ನು ಮಂದಗೊಳಿಸುತ್ತದೆ, ಎಂಜಿನ್ನಿನ ಎಣ್ಣೆಯೂ ದಪ್ಪಗಾಗುತ್ತದೆ. ಹೀಗೆ ಮಳೆಯಲ್ಲಿ ಹತ್ತಿದ ರೋಗ ಚಳಿಯಲ್ಲಿ ಬಯಲಾಗುತ್ತದೆ.

ಲಕ್ಷಣಗಳು ಇವು: ಚಾಲಕರು ‘ಸೆಲ್ಫ್’ ಎನ್ನುವ ಮೋಟಾರು ಎಳೆದೆಳೆದು ತಿರುಗುವುದು, ಇಲ್ಲವೆ ಟಕಟಕ ಸದ್ದು ಮಾಡಿ ಸುಮ್ಮನಾಗುವುದು, ಎಂಜಿನ್ ನಿಧಾನಗೊಂಡಾಗ ದೀಪ ಮಂಕಾಗುವುದು, ಹಾರನ್ನಿನ ದನಿ ಕುಗ್ಗುವುದು, ಧ್ರುವಗಳ ಮೇಲೆ ಬಿಳಿ ಅಥವಾ ಹಸುರು ಪುಡಿ ಕಟ್ಟುವುದು, ಬಟ್ಟಿ ಇಳಿಸಿದ ನೀರನ್ನು ಪದೇಪದೇ ಹಾಕಬೇಕಾಗುವುದು. ಪೆಟ್ಟಿಗೆ ಉಬ್ಬಿದರೆ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಪಾಯವೆಂದೇ ತಿಳಿಯಬೇಕು. ಬಳಿ ಬೆಂಕಿ ಸುಳಿಯಕೂಡದು.

ಆದರೆ ಗುಡ್ಡಗಾಡಿನಲ್ಲಿ ಈ ಲಕ್ಷಣಗಳನ್ನು ಮರೆಮಾಡುವ ಅಭ್ಯಾಸವೊಂದುಂಟು. ಸೆಲ್ಫ್ ಸೋತರೆ ವಾಹನವನ್ನು ಇಳಿಜಾರಿನಲ್ಲಿ ಉರುಳಿಸಿ ಎಬ್ಬಿಸುವುದೇ ಅದು. ಕೆಲಸ ಸಾಗಿತೆಂದು ರೋಗ ಮರೆತುಹೋಗುತ್ತದೆ. ಎಂಜಿನ್ ನಿಂತಿರುವಾಗ ಬ್ರೇಕಿಗೂ ಸ್ಟೀರಿಂಗಿಗೂ ಒದಗುವ ಯಂತ್ರಬಲ ಇಲ್ಲವಾಗುವುದರಿಂದ ಈ ಅಭ್ಯಾಸವು ಅಪಾಯಕರವೂ ಹೌದು. ಸ್ವಯಂಚಾಲಿತ ಗೇರಿನ ವಾಹನಗಳು ಹೀಗೆ ಏಳುವುದೂ ಇಲ್ಲ. ಇಳಿಜಾರಿಲ್ಲದ ಆಸ್ಪತ್ರೆಯ ಅಂಗಳದಲ್ಲಿಯೋ ಚಾರ್ಮಾಡಿಯ ಮಂಜಿನ ತಿರುವಿನಲ್ಲಿಯೋ ವಾಹನ ನಿಂತಾಗ ಮುಚ್ಚಿಟ್ಟ ದೋಷ ಎದುರಾಗುತ್ತದೆ.

ಪರೀಕ್ಷೆ ಸುಲಭ. ಕೆಲವು ತಾಸು ನಿಂತ ವಾಹನದಲ್ಲಿ ವೋಲ್ಟ್‌ಮಾಪಕವು 12.6 ತೋರಿದರೆ ಬ್ಯಾಟರಿ ಪೂರ್ಣ, 12.4 ತೋರಿದರೆ ಸುಮಾರು ಮುಕ್ಕಾಲು. 12ಕ್ಕಿಳಿದರೆ ಬಹುಪಾಲು ಬರಿದು. ಎಂಜಿನ್ ನಡೆಯುವಾಗ ಸಾಮಾನ್ಯವಾಗಿ 14ರ ಆಸುಪಾಸಿರಬೇಕು. 13ಕ್ಕಿಂತ ಕೆಳಗಿದ್ದರೆ ದೋಷವು ಬ್ಯಾಟರಿಯದಲ್ಲದೆ ವಿದ್ಯುಜ್ಜನಕದ್ದೂ ಅದರ ಬೆಲ್ಟಿನದೂ ಆಗಿರಬಹುದು.

ಬ್ಯಾಟರಿಯ ಆಯುಸ್ಸು ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಮಳೆಗೆ ಮುನ್ನ ಮೇ ತಿಂಗಳಲ್ಲೊಮ್ಮೆ, ಕೊಯ್ಲಿಗೆ ಮುನ್ನ ನವೆಂಬರಿನಲ್ಲೊಮ್ಮೆ ಪರೀಕ್ಷಿಸುವುದು ಉಚಿತ. ಮಕ್ಕಳನ್ನು ಕರೆತರುವ ಶಾಲಾ ವಾಹನಗಳ ವಿಷಯದಲ್ಲಂತೂ ಇದು ಕೇವಲ ಮಿತವ್ಯಯದ ಮಾತಲ್ಲ, ಕರ್ತವ್ಯ.