ಬದುವಿನ ಹುಲ್ಲಿನಲ್ಲಿ ಎರಡು ಚುಕ್ಕೆ

ಯುಗಾದಿ ಕಳೆದು ಬಿಸಿಲು ಏರಿದರೂ ಕೊಣನೂರಿನ ಸುತ್ತಮುತ್ತ ಹಸಿ ನೆಲಕ್ಕೆ ಬರವಿಲ್ಲ. ಕಾವೇರಿಯ ದಂಡೆ, ಕಟ್ಟೇಪುರ ಅಣೆಕಟ್ಟೆಯ ನಾಲೆಯ ಏರಿ, ಕೆರೆಯ ಹಿಂದಿನ ಜವುಗು. ಬೆಳಗಿನ ಬಿಸಿಲಲ್ಲಿ ಇಂಥ ಕಡೆ ಮೊಣಕಾಲಿಗಿಂತ ಕೆಳಗೆ ನೀಲಿ ಚಿಟ್ಟೆಗಳು ಹಾರಾಡುತ್ತವೆ. ಬೆರಳುಗುರಿನಷ್ಟೇ ಇರುವ ಇವನ್ನು ‘ಯಾವುದೋ ಸಣ್ಣ ಚಿಟ್ಟೆ’ ಎಂದು ದಾಟಿ ಹೋಗುತ್ತೇವೆ. ಆದರೆ ಅವುಗಳಲ್ಲಿ ನಾಲ್ಕು ಜಾತಿ ಬೆರೆತಿರಬಹುದು: ಪೇಲ್, ಡಾರ್ಕ್, ಲೆಸ್ಸರ್ ಮತ್ತು ಟೈನಿ ಗ್ರಾಸ್ ಬ್ಲೂ. ಆಫ್ರಿಕಾದಿಂದ ಆಸ್ಟ್ರೇಲಿಯಾದವರೆಗೆ ಹರಡಿರುವ ಟೈನಿ, 1775ರಲ್ಲೇ ಕೀಟವಿಜ್ಞಾನಿ ಫ್ಯಾಬ್ರೀಷಿಯಸ್ ವಿವರಿಸಿದ ಚಿಟ್ಟೆ. ಆದರೂ ಕಣ್ಣಿಗೆ ಬೀಳುವುದು ಕಡಿಮೆ.

ಮೇಲ್ಬದಿಯ ನೀಲಿಯನ್ನು ನಂಬಬೇಡಿ. ಅದು ಬಿಸಿಲಿಗೆ, ವಯಸ್ಸಿಗೆ, ಗಂಡುಹೆಣ್ಣಿಗೆ ತಕ್ಕಂತೆ ಬದಲಾಗುತ್ತದೆ. ರೆಕ್ಕೆ ಮಡಚಿ ಕೂರುವವರೆಗೆ ಕಾಯಿರಿ. ಆಗ ಕಾಣುವ ಬೂದು ಬಣ್ಣದ ತಳಬದಿಯಲ್ಲಿ, ಮುಂರೆಕ್ಕೆಯ ಬುಡದಿಂದ ನಡುವಿಗೆ ಚಾಚಿದ, ನರಗಳು ಸುತ್ತುವರಿದ ಜಾಗವನ್ನು ನೋಡಿ. ಅಲ್ಲಿ ಕಪ್ಪು ಚುಕ್ಕೆಯಿದ್ದರೆ ಅದು ಪೇಲ್ ಅಥವಾ ಡಾರ್ಕ್. ಇಲ್ಲದಿದ್ದರೆ ಉಳಿದದ್ದು ಲೆಸ್ಸರ್, ಟೈನಿ. ಈಗ ಮುಂರೆಕ್ಕೆಯ ಮೇಲಂಚಿಗೆ ಕಣ್ಣು ಹಾಯಿಸಿ. ಅಂಚಿಗೆ ಅಂಟಿಕೊಂಡಂತೆ ಎರಡು ಪುಟ್ಟ ಚುಕ್ಕೆಗಳು ಕಂಡರೆ ನಿಮ್ಮ ಮುಂದಿರುವುದು ಟೈನಿ. ಕ್ಯಾಮೆರಾ ಇದ್ದವರು ಪಕ್ಕದಿಂದ, ನೆಲಮಟ್ಟಕ್ಕೆ ಬಾಗಿ ಚಿತ್ರ ತೆಗೆಯಬೇಕು. ಮೇಲಿನಿಂದ ತೆಗೆದ ಸುಂದರ ಚಿತ್ರ ಇಲ್ಲಿ ಕೆಲಸಕ್ಕೆ ಬಾರದು.

ಗಿಡ ಬಲ್ಲವರಿಗೆ ಈ ಹುಡುಕಾಟ ಸುಲಭ. ಪೇಲ್‌ನ ಮರಿಹುಳು ಪುಲ್ಲಂಪುರಚಿ ತಿನ್ನುತ್ತದೆ, ಡಾರ್ಕ್‌ನದು ಕೀರೆ, ನೆಗ್ಗಿಲು. ಟೈನಿಗೆ ಕೊಳವಳಿಕೆಯಂಥ ಗಿಡಗಳೇ ಬೇಕು. ಅದರ ಮರಿ ಹೂವು, ಮೊಗ್ಗುಗಳನ್ನು ಮೇಯುತ್ತದೆ. ಗದ್ದೆಯ ಅಂಚಿನ ನೀರಲ್ಲಿ ಮುಳ್ಳು ಬಿಟ್ಟು, ನೇರಳೆ ಹೂ ಹೊತ್ತು ನಿಲ್ಲುವ ಕೊಳವಳಿಕೆಯನ್ನು ಹೊಲದವರೆಲ್ಲ ಬಲ್ಲರು. ಅಂಥ ಗಿಡದ ಹತ್ತಿರ ಒಂದಷ್ಟು ಹೊತ್ತು ಕೂರುವುದು, ಊರೆಲ್ಲ ಸುತ್ತುವುದಕ್ಕಿಂತ ಮೇಲು.

ಕೊಳವಳಿಕೆಯನ್ನು ಕುಡುಗೋಲಿನಲ್ಲಿ ಕೊಯ್ದರೆ ಬುಡ ಮತ್ತೆ ಚಿಗುರುತ್ತದೆ. ಕಳೆನಾಶಕ ಹೊಡೆದ ಬದುವಿನಲ್ಲಿ ಗಿಡವೂ ಉಳಿಯದು, ಅದರ ಮೊಗ್ಗಿನಲ್ಲಿದ್ದ ಮರಿಯೂ ಉಳಿಯದು. ಬೆಳೆಯಿರುವ ಗದ್ದೆಯಲ್ಲಿ ಕಳೆ ತೆಗೆಯುವುದು ರೈತರಿಗೆ ಅನಿವಾರ್ಯ, ಅದನ್ನು ಬೇಡವೆನ್ನಲಾಗದು. ನಾಲೆಯ ಏರಿ, ಕೆರೆಯಂಚು, ಯಾರೂ ಉಳದ ಜವುಗಿನ ಮೇಲಾದರೂ ಆ ಔಷಧಿ ಬೀಳದಿರಲಿ.